ನಾಲ್ಕು ಟವೆಲುಗಳು

ಹತ್ತು ಗಂಟೆಗೆ ಇನ್ನು ಇಪ್ಪತ್ತು ನಿಮಿಷವಿರುವಾಗ, ಬಚ್ಚಲಿನಲ್ಲಿ ಒಂದೇ ಒಂದು ಟವೆಲೂ ಇಲ್ಲವೆಂಬುದು ಗೆಕ್ ಚೂಗೆ ಹೊಳೆಯಿತು. ಹತ್ತಕ್ಕೆ ಆಸ್ಪತ್ರೆಯಿಂದ ಬಚ್ಚಲು ನೋಡಲು ಒಬ್ಬ ಹುಡುಗಿ ಬರುವವಳಿದ್ದಳು. ನಾಲ್ಕು ಜನರ ಮನೆ, ಒಂದೇ ಬಚ್ಚಲು, ಅದರಲ್ಲಿ ಮೈ ಒರೆಸಿಕೊಳ್ಳಲು ಒಂದು ತುಂಡು ಬಟ್ಟೆಯಿಲ್ಲ. ಇವರೆಲ್ಲ ಸ್ನಾನ ಮಾಡಿ ಗಾಳಿಗೆ ನಿಂತು ಒಣಗುತ್ತಾರೇನು ಎಂದು ಬಂದವಳಿಗೆ ಅನ್ನಿಸದೆ ಇರುತ್ತದೆಯೇ? ಹತ್ತೊಂಬತ್ತು ದಿನದಿಂದ ಅವಳು ಟವೆಲುಗಳನ್ನು ಬಚ್ಚಲಿನ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಮಗಳ ಕೋಣೆಯ ಕುರ್ಚಿಯ ಬೆನ್ನಿಗೆ, ಮಂಚದ ತಲೆಗೆ, ಇಸ್ತ್ರಿ ಹಲಗೆಯ ಮೇಲೆ ಹರಡಿ ಹರಡಿ ಮನೆಗೆಲ್ಲ ಮುಗ್ಗಲು ವಾಸನೆ ಹಿಡಿಸಿದ್ದಳು. ಈಗ ಓಡಿಹೋಗಿ ತನ್ನದೊಂದು ನೀಲಿ ಟವೆಲನ್ನು ತಂದು ಬಾಗಿಲ ಹಿಂದಿನ ಕೊಕ್ಕೆಗೆ ಸಿಕ್ಕಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಬೇಕೆಂದೇ ಸಿಕ್ಕಿಸಿದ ಹಾಗೆ ಕಾಣಿಸಿತು. ಒಂದು ಮೂಲೆಯನ್ನು ಸ್ವಲ್ಪ ಕೆಳಕ್ಕೆ ಎಳೆದು, ಯಾರೋ ಈಗಷ್ಟೇ ಮುಖ ಒರೆಸಿಕೊಂಡು ಹೋದಂತೆ ಮುದುರಿದಳು. ಹಾಗೆ ಮುದುರುತ್ತಿರುವ ತನ್ನ ಕೈಯನ್ನು ನೋಡಿ ನಾಚಿಕೆಯಾಯಿತು. ಟವೆಲನ್ನು ಕಿತ್ತು ತಂದು ಮತ್ತೆ ಮಂಚದ ತಲೆಗೆ ಹಾಕಿದಳು.

ಹಜಾರದಲ್ಲಿ ಅವಳ ಗಂಡ ಕ್ವೀ ಸೆಂಗ್ ಟ್ಯಾಕ್ಸಿಗೆ ಒಂದು ದಿನ ರಜೆ ಹೇಳಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ. ತಾಯಿಯ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮಡಿಲಲ್ಲಿಟ್ಟುಕೊಂಡಿದ್ದ. ಇವತ್ತು ಬರುವವಳು ಬಚ್ಚಲು ನೋಡಿ, ಮನೆ ನೋಡಿ, ಅಮ್ಮ ಇಲ್ಲಿಗೆ ವಾಪಸು ಬರಬಹುದೋ ಅಥವಾ ಅಕ್ಕ ಸೋಕ್ ಎಂಗ್ ಹೇಳುತ್ತಿರುವಂತೆ ವೃದ್ಧಾಶ್ರಮಕ್ಕೆ ಬರೆದುಕೊಡಬೇಕೋ ಎಂದು ಹೇಳುತ್ತಾಳೆ. ಅಮ್ಮನಿಗೆ ಎಂಬತ್ತೊಂದು. ಬಚ್ಚಲಿನಲ್ಲಿ ಬಿದ್ದು ಮುರಿದ ಸೊಂಟದ ಮೂಳೆಗೆ ಲೋಹದ ತುಂಡು ಹಾಕಿದ್ದಾರೆ, ನಾಲ್ಕು ಕಾಲಿನ ಕೋಲು ಹಿಡಿದು ಹತ್ತು ಹೆಜ್ಜೆ ಹಾಕುತ್ತಾಳೆ. ಮೂಳೆಯ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಚಿಂತೆಯಿರುವುದು ತಲೆಯ ಬಗ್ಗೆ. "ಬಚ್ಚಲ ಗೋಡೆ ಕಂಬಿ ಕೈಗೆ ಸಿಗೋ ಹಾಗೇ ಇತ್ತಲ್ಲ, ಯಾಕೆ ಹಿಡ್ಕೊಳ್ಳಿಲ್ಲ?" ಎಂದು ಕ್ವೀ ಸೆಂಗ್ ಡಾಕ್ಟರನ್ನು ಕೇಳಿದ್ದ, ನರ್ಸನ್ನು ಕೇಳಿದ್ದ, ಕೆಳಗಿನ ಕಾಫಿ ಅಂಗಡಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದ. ಅಮ್ಮನನ್ನೂ ಕೇಳಿದ್ದ. ಅವಳು ಒಂದೇ ಮಾತು ಹೇಳಿದ್ದಳು: "ಮರ್ತೆ."

ಮರ್ತೆ. ಆ ಒಂದು ಮಾತಿನ ಮೇಲೆ ಎಷ್ಟೊಂದು ಕಾಗದ ಹುಟ್ಟಿಕೊಂಡಿತು. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತ ಬಾ, ಗಡಿಯಾರದ ಚಿತ್ರ ಬರಿ ಎಂದೆಲ್ಲ ಕೇಳಿ, ಶಾಲೆಗೆ ಹೋಗದ ಮುದುಕಿ ಗಡಿಯಾರವನ್ನು ಮೊಟ್ಟೆಯಂತೆ ಬರೆದಳೆಂದು ಅಂಕ ಕಳೆದರು. ಸೋಕ್ ಎಂಗ್ ದಿನಕ್ಕೆ ಎರಡು ಸಲ ಫೋನು ಮಾಡಿ, ಹೇಳಿರಲಿಲ್ವಾ, ಹೋದ ವರ್ಷವೇ ನನ್ನ ಹೆಸರು ಕರೆಯೋಕೆ ತಡವರಿಸ್ತಿದ್ಳು ಅಂದಳು. ಗೆಕ್ ಚೂ ಅನ್ನ ಬಸಿಯುತ್ತ, ನೆಲ ಒರೆಸುತ್ತ, ಫೋನಿನ ಈಚೆ ತುದಿಯ ಮಾತನ್ನೆಲ್ಲ ಕೇಳಿಸಿಕೊಂಡಳು. ಒಂದು ವಾಕ್ಯ ಹೇಳಿದ್ದರೆ ಎಲ್ಲ ನಿಂತುಹೋಗುತ್ತಿತ್ತು. ಆ ವಾಕ್ಯವನ್ನು ಅವಳು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಅದು ಸವೆದು ನುಣ್ಣಗಾಗಿತ್ತು: ಅಮ್ಮ ಮರೆಯಲಿಲ್ಲ, ಕಂಬಿಯ ತುಂಬ ನನ್ನ ಟವೆಲುಗಳಿದ್ದವು.

ಟವೆಲಿನ ಹುಚ್ಚು ಅವಳಿಗೆ ಹೋಟೆಲಿನಿಂದ ಬಂದದ್ದು. ಹನ್ನೊಂದು ವರ್ಷ ದೊಡ್ಡ ಹೋಟೆಲೊಂದರ ಬಟ್ಟೆ ಕೋಣೆಯಲ್ಲಿ ಕೆಲಸ ಮಾಡಿದ್ದಳು. ನೆಲದಿಂದ ಸೂರಿನವರೆಗೆ ಅಟ್ಟ, ಅಟ್ಟದ ತುಂಬ ಬಿಳಿ ಟವೆಲು, ಎಲ್ಲದರ ಮಡಿಕೆಯೂ ಒಂದೇ ಕಡೆಗೆ. ಮಣಿಕಟ್ಟು ಕೆಟ್ಟು ಕೆಲಸ ಬಿಡುವ ದಿನ, ಹಳೆಯವೆಂದು ಹೋಟೆಲಿನವರು ತೆಗೆದಿಟ್ಟ ದಪ್ಪ ಟವೆಲುಗಳಲ್ಲಿ ಆರನ್ನು ಆರಿಸಿ, ಮನೆಯಲ್ಲೇ ಬಣ್ಣ ಹಾಕಿಕೊಂಡಳು. ಮನೆಯಲ್ಲಿ ಅವನ್ನು ಇಡಲು ಜಾಗವೆಲ್ಲಿ? ಬೆಂಡೆಮೀರ್ ರಸ್ತೆಯ ಒಂಬತ್ತನೇ ಮಹಡಿಯ ಮೂರು ಕೋಣೆಯ ಮನೆಯಲ್ಲಿ ಬಚ್ಚಲೆಂದರೆ ಅಡಿಗೆಮನೆಯ ಪಕ್ಕದಲ್ಲೊಂದು ಕಪಾಟು. ಒಳಗೆ ಹೋದವರು ತಿರುಗಬೇಕಾದರೆ ಮೊಣಕೈಯನ್ನು ಒಳಕ್ಕೆ ಎಳೆದುಕೊಳ್ಳಬೇಕು. ಅಲ್ಲೇ ಕಮೋಡು, ಅಲ್ಲೇ ಬಕೆಟ್ಟು, ಅಲ್ಲೇ ವಾಷಿಂಗ್ ಮೆಷಿನಿನ ಕೊಳವೆ. ಗೆಕ್ ಚೂ ಅಷ್ಟರಲ್ಲೇ ಸಾಹಸಕ್ಕಿಳಿದಳು. ಗೋಡೆಗೆ ಅಂಟುವ ರಬ್ಬರ್ ಕೊಕ್ಕೆಗಳನ್ನು ತಂದಳು. ಎರಡನೇ ದಿನವೇ ಟವೆಲಿನ ಭಾರಕ್ಕೆ ಟಪ್ಪೆಂದು ಕಮೋಡಿನೊಳಕ್ಕೆ ಬಿದ್ದವು. ಕಮೋಡಿನ ಮೇಲೆ ನಿಲ್ಲುವ ತಂತಿ ಅಟ್ಟ ತಂದಳು, ಕ್ವೀ ಸೆಂಗ್ ಎದ್ದಾಗಲೆಲ್ಲ ತಲೆ ಬಡಿದುಕೊಂಡು, "ಇದೇನು ನನ್ನ ಕೊಲ್ಲೋಕೆ ಇಟ್ಟಿದ್ದೀಯಾ?" ಎಂದು ಕೂಗಿದ. ಫೋನಿನಲ್ಲಿ ಯಾರೋ ತೋರಿಸಿದಂತೆ ಟವೆಲುಗಳನ್ನು ಸುರುಳಿ ಸುತ್ತಿ ಬಿದಿರ ಬುಟ್ಟಿಯಲ್ಲಿ ನಿಲ್ಲಿಸಿದಳು. ನೋಡಲು ಚೆಂದವಿತ್ತು, ಮೂರು ದಿನಕ್ಕೆ ಬೂಷ್ಟು ಬಂತು. ಕಿಟಕಿಯಾಚೆಯ ಬಿದಿರ ಗಳಕ್ಕೆ ಹಾಕಿದರೆ ಮೇಲಿನ ಮನೆಯವರ ನೆಲ ಒರೆಸುವ ಬಟ್ಟೆಯ ನೀರು ತೊಟ್ಟಿಕ್ಕುತ್ತಿತ್ತು. ಮಗಳು ಹುಯಿ ಶಾನ್‌ಗೆ ತಲೆಗೊಂದು ಮೈಗೊಂದು ಬೇಕು. ಒಟ್ಟು ನಾಲ್ಕು ಟವೆಲು ದಿನವೂ ಒದ್ದೆ, ಒಂದೂ ಸರಿಯಾಗಿ ಒಣಗುವುದಿಲ್ಲ.

ಅತ್ತೆಯ ಟವೆಲು ಈ ಲೆಕ್ಕಕ್ಕೆ ಸೇರಿದ್ದೇ ಅಲ್ಲ. ಮಾವ ತೀರಿಕೊಂಡ ಮೇಲೆ ಎರಡು ವರ್ಷದ ಹಿಂದೆ ಅವಳು ಈ ಮನೆಗೆ ಬಂದಾಗ ಕುತ್ತಿಗೆಯ ಸುತ್ತ ಒಂದು ತೆಳ್ಳನೆಯ ಬಿಳಿ ಟವೆಲಿತ್ತು, ಕೆಂಪು ಅಕ್ಷರ ಮಾಸಿಹೋದದ್ದು, ಕಾಫಿ ಅಂಗಡಿಯವರು ಹೆಗಲಿಗೆ ಹಾಕಿಕೊಳ್ಳುವಂಥದ್ದು. ಅದರಲ್ಲೇ ಮೈ ಒರೆಸುತ್ತಿದ್ದಳು, ಹಿಂಡಿ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದಳು, ಅರ್ಧ ಗಂಟೆಯಲ್ಲಿ ಅದು ಅವಳ ಮೈಮೇಲೆಯೇ ಒಣಗುತ್ತಿತ್ತು. ಗೆಕ್ ಚೂ ಪ್ರೀತಿಯಿಂದಲೇ ಒಂದು ದಪ್ಪ ಟವೆಲು ಕೊಟ್ಟಳು. ಅತ್ತೆ ಅದನ್ನು ಎರಡು ಕೈಯಲ್ಲಿ ಎತ್ತಿ ತೂಗಿ, "ಚೂ, ಇದು ಒರೆಸ್ಕೊಳ್ಳೋದೋ ಹಾಸ್ಕೊಳ್ಳೋದೋ?" ಎಂದು ನಕ್ಕು ವಾಪಸು ಕೊಟ್ಟಳು. ತಮಾಷೆಯ ಮಾತು. ಮಗಳೂ ನಕ್ಕಳು, ಗಂಡನೂ ನಕ್ಕ. ಆದರೆ ಗೆಕ್ ಚೂಗೆ ಹನ್ನೊಂದು ವರ್ಷವನ್ನೇ ಯಾರೋ ತೂಗಿ ವಾಪಸು ಕೊಟ್ಟಂತಾಯಿತು. ಅಂದಿನಿಂದ ಅತ್ತೆಗೆ ಕೊಕ್ಕೆ ಬೇಕೇ ಎಂದು ಅವಳು ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ. ಇಷ್ಟು ಸಣ್ಣದಕ್ಕೆಲ್ಲ ಮನಸ್ಸಿನಲ್ಲಿ ಹಗೆ ಕಟ್ಟಿಕೊಳ್ಳುವವಳು ತಾನಲ್ಲವೆಂದು ಅವಳು ಬಲವಾಗಿ ನಂಬಿದ್ದಳು.

ಕಂಬಿ ಬಂದದ್ದು ಏಪ್ರಿಲಿನಲ್ಲಿ. ವಯಸ್ಸಾದವರಿರುವ ಮನೆಗಳಿಗೆ ಹಾಕಿಕೊಡುತ್ತಾರೆಂದು ಕ್ವೀ ಸೆಂಗ್ ಅರ್ಜಿ ಹಾಕಿದ್ದ. ಇಬ್ಬರು ಬಂದು ಗೋಡೆ ಕೊರೆದು, ಕಿಟಕಿಯ ಕೆಳಗೆ, ಸೊಂಟದೆತ್ತರಕ್ಕೆ, ಒಂದು ಮಾರು ಉದ್ದದ ಸ್ಟೀಲಿನ ಕಂಬಿ ಹಾಕಿಹೋದರು. ಥಳಥಳ ಹೊಳೆಯುವ, ಗಟ್ಟಿಮುಟ್ಟಾದ, ಕೈ ಜಾರದಂತೆ ಗೀರು ಗೀರಾದ ಕಂಬಿ. ಮೇಲಿನ ಕಿಟಕಿಯಿಂದ ಬೆಳಗಿನ ಬಿಸಿಲು ನೇರ ಅದರ ಮೇಲೆಯೇ ಬೀಳುತ್ತಿತ್ತು. ನಾಲ್ಕು ಟವೆಲಿಗೆ ಸರಿಯಾಗಿ ಜಾಗ. ಅದನ್ನು ನೋಡುತ್ತ ನಿಂತ ಗೆಕ್ ಚೂವಿನ ಮುಖ ಕ್ವೀ ಸೆಂಗ್‌ಗೆ ಅರ್ಥವಾಗಿರಬೇಕು. "ನೋಡು, ಇದು ಅಮ್ಮನ ಕೈ. ಇದರ ಮೇಲೆ ನಿನ್ನ ಟವೆಲ್-ಗಿವೆಲ್ ಬರಕೂಡ್ದು" ಎಂದ. "ಅಯ್ಯೋ, ನನಗಷ್ಟೂ ಗೊತ್ತಾಗಲ್ವಾ?" ಎಂದಳು ಅವಳು. ಎರಡು ವಾರ ಆ ಮಾತು ಉಳಿಸಿಕೊಂಡಳು. ಮೂರನೇ ವಾರ ಮಳೆ ಹಿಡಿಯಿತು. ಗಂಡ ಬೆಳಗಿನ ಐದಕ್ಕೆ ಟ್ಯಾಕ್ಸಿ ತೆಗೆದರೆ ಬರುವುದು ಸಂಜೆ ಐದಕ್ಕೆ, ಮಗಳು ಏಳಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಅಷ್ಟರೊಳಗೆ ಒಣಗಿಸಿ ಮಡಿಚಿ ಕೋಣೆಗೆ ಸೇರಿಸಿದರೆ ಯಾರಿಗೆ ಏನು ನಷ್ಟ? ಮೊದಲ ದಿನ ಒಂದು, ಮಾರನೆಯ ದಿನ ಎರಡು, ಆಮೇಲೆ ನಾಲ್ಕೂ. ಮನೆಯಲ್ಲಿ ಉಳಿಯುತ್ತಿದ್ದವಳು ಅತ್ತೆ ಒಬ್ಬಳೇ. ಅವಳ ಸ್ನಾನ ಒಂಬತ್ತಕ್ಕೆ, ಗಂಜಿ ಕುಡಿದ ಮೇಲೆ. ಒಂದು ದಿನ ಅತ್ತೆ ಬಚ್ಚಲಿನ ಬಾಗಿಲಲ್ಲಿ ನಿಂತು ಕಂಬಿಯನ್ನೇ ನೋಡುತ್ತ ಕೇಳಿದ್ದಳು:

"ನಾನೆಲ್ಲಿ ಹಿಡ್ಕೊಳ್ಲಿ?"

"ಟವೆಲ್ ಸರಿಸಿ ಹಿಡ್ಕೊಳ್ಳಿ ಮಾ," ಎಂದಿದ್ದಳು ಗೆಕ್ ಚೂ, ಒಲೆಯ ಕಡೆಯಿಂದ ತಿರುಗದೆ. "ಒಂದು ಹತ್ತು ನಿಮಿಷಕ್ಕೆ ಏನಾಗುತ್ತೆ?"

ಅತ್ತೆ ಅದನ್ನು ಮಗನಿಗೆ ಹೇಳಲಿಲ್ಲ. ಅವನು ಬಂದೊಡನೆ ಹೇಳಬಹುದೆಂದು ಗೆಕ್ ಚೂ ಅಂದು ಸಂಜೆ ಉಸಿರು ಬಿಗಿಹಿಡಿದು ಕಾದಿದ್ದಳು. ಅತ್ತೆ ಮೀನಿನ ತಲೆಯನ್ನು ಚೀಪುತ್ತ ಮಾರ್ಕೆಟ್ಟಿನ ವಿಷಯ ಮಾತಾಡಿದಳು. ಹೇಳಲಿಲ್ಲವೆಂಬ ಧೈರ್ಯದ ಮೇಲೆ ಮಾರನೆಯ ದಿನವೂ ನಾಲ್ಕು ಟವೆಲು ಕಂಬಿ ಏರಿದವು.

ಅತ್ತೆ ಬಿದ್ದ ದಿನವನ್ನು ಗೆಕ್ ಚೂ ನೆನೆಯಬಾರದೆಂದುಕೊಂಡರೂ ಅದು ಅವಳ ಕೈಯಲ್ಲಿತ್ತು, ಬೆರಳುಗಳಲ್ಲಿ. ದೊಪ್ಪೆಂಬ ಶಬ್ದಕ್ಕೆ ಸೌಟು ಬಿಟ್ಟು ಓಡಿದಾಗ ಅತ್ತೆ ಗೋಡೆಗೂ ಕಮೋಡಿಗೂ ನಡುವೆ ಮೈ ತಿರುಚಿಕೊಂಡು ಬಿದ್ದಿದ್ದಳು, ಬೆತ್ತಲೆ, ಬಾಯಿ ತೆರೆದು, ಶಬ್ದವೇ ಇಲ್ಲದೆ. ಅವಳ ಬಲ ಮುಷ್ಟಿಯಲ್ಲಿ ಹುಯಿ ಶಾನ್‌ಳ ಹಳದಿ ಟವೆಲಿತ್ತು. ಕಂಬಿಯೆಂದು ಅದನ್ನೇ ಹಿಡಿದಿದ್ದಳು. ದಪ್ಪ ಬಟ್ಟೆಯ ಮೂಲಕ ಕಂಬಿಯೂ ಸಿಕ್ಕಂತಾಗಿ, ಒದ್ದೆ ಟವೆಲು ಸ್ಟೀಲಿನ ಮೇಲೆ ಸರ್ರನೆ ಜಾರಿಬಿಟ್ಟಿತ್ತು. ಇದೆಲ್ಲ ಒಂದು ಕ್ಷಣದಲ್ಲಿ ಅರ್ಥವಾಯಿತು. ಅರ್ಥವಾದ ಕೂಡಲೇ ಗೆಕ್ ಚೂ ಮಾಡಿದ್ದೇನು? ಫೋನು ತೆಗೆದು ಆಂಬುಲೆನ್ಸಿಗೆ ಹೇಳಿದಳು, ಗಂಡನಿಗೆ ಹೇಳಿದಳು. ಅವನು ಹತ್ತಿರದ ಪೆಟ್ರೋಲ್ ಬಂಕಿನಲ್ಲಿದ್ದ, ಐದು ನಿಮಿಷದಲ್ಲಿ ಬಂದೆ ಎಂದ. ಐದು ನಿಮಿಷ. ಅವಳು ಬಗ್ಗಿ ಅತ್ತೆಯ ಮುಷ್ಟಿಯನ್ನು ಬಿಡಿಸಿದಳು. ಬೆರಳುಗಳು ಬಿಗಿದುಕೊಂಡಿದ್ದವು, ಒಂದೊಂದಾಗಿ ಬಿಡಿಸಬೇಕಾಯಿತು. ಹಳದಿ ಟವೆಲನ್ನು ತೆಗೆದಳು, ಕಂಬಿಯ ಮೇಲಿದ್ದ ಮೂರನ್ನೂ ತೆಗೆದಳು. ಹೋಟೆಲಿನ ಕೈ ಅಲ್ಲವೇ, ಅವನ್ನು ಮೂರು ಮೂರು ಮಡಿಕೆ ಮಡಿಚಿತು ಕೂಡ. ಮಡಿಚಿ, ಅಂಚು ಸರಿಮಾಡಿ, ವಾಷಿಂಗ್ ಮೆಷಿನಿನ ಮೇಲಿನ ಕಪಾಟಿನಲ್ಲಿ ಒಂದರ ಮೇಲೊಂದಿಟ್ಟು ಬಾಗಿಲು ಮುಚ್ಚಿದಳು. ಆಮೇಲೆ ಬಂದು ನೆಲದ ಮೇಲೆ ಕುಳಿತು ಅತ್ತೆಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು, ಆಮೇಲೆ ಅವಳ ಮೈಗೊಂದು ಬಟ್ಟೆ ಹೊದಿಸಿದಳು. ಅಷ್ಟು ಹೊತ್ತು ಮುದುಕಿ ತಣ್ಣನೆಯ ನೆಲದ ಮೇಲೆ ಹಾಗೇ ಬಿದ್ದಿದ್ದಳು. ಅವಳ ಕಣ್ಣು ಮುಚ್ಚಿತ್ತು ಎಂದು ಗೆಕ್ ಚೂ ತನಗೆ ತಾನು ಹತ್ತೊಂಬತ್ತು ದಿನದಿಂದ ಹೇಳಿಕೊಳ್ಳುತ್ತಿದ್ದಳು. ಮುಚ್ಚಿತ್ತು. ಮುಚ್ಚಿರಲೇಬೇಕು.

ಬಂದವಳ ಹೆಸರು ನೂರ್ ಹಿದಾಯಾ. ತಲೆಗೆ ಬೂದು ಬಣ್ಣದ ಸ್ಕಾರ್ಫು ಕಟ್ಟಿದ, ಬೆನ್ನಿಗೆ ಚೀಲ ಹಾಕಿದ ಮಲಯ ಹುಡುಗಿ, ಬಾಗಿಲಲ್ಲೇ ಬೂಟು ಬಿಚ್ಚಿ, "ಆಂಟಿ, ಅಂಕಲ್, ಊಟ ಆಯ್ತಾ?" ಎನ್ನುತ್ತ ಮನೆಯವಳಂತೆ ಒಳಗೆ ಬಂದಳು. ಬಚ್ಚಲಿನ ಹೊಸಿಲು ಅಳೆದಳು, ಕಮೋಡಿನ ಎತ್ತರ ಅಳೆದಳು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದು ನೋಡಿದಳು. ಅವಳು ಜೋತುಬಿದ್ದಾಗ ಗೆಕ್ ಚೂ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಗಟ್ಟಿಯಾಗಿದೆ. ಜಾಗಾನೂ ಸರಿಯಾಗಿದೆ," ಎಂದಳು ಹುಡುಗಿ. ಅಜ್ಜಿಯನ್ನು ಅವಳು ಪೋಪೋ ಎನ್ನುತ್ತಿದ್ದಳು. "ಹಾಗಾದ್ರೆ ಪೋಪೋ ಯಾಕೆ ಹಿಡ್ಕೊಳ್ಳಿಲ್ಲ?"

"ಅದೇ ನಮ್ಗೂ ಅರ್ಥ ಆಗಿಲ್ಲ ನೋಡಮ್ಮಾ," ಎಂದ ಕ್ವೀ ಸೆಂಗ್. "ಮರ್ತೆ ಅಂತಾಳೆ. ಎದುರಿಗೇ ಇದೆ, ದಿನಾ ನೋಡ್ತಾಳೆ, ಆದ್ರೂ ಮರ್ತೆ ಅಂತಾಳೆ."

"ಸಲಕರಣೆ ಬಳಸೋದು ನೆನಪಿಲ್ಲ," ಎಂದು ತನಗೇ ಹೇಳಿಕೊಂಡು ಹುಡುಗಿ ಬರೆದುಕೊಂಡಳು. ಪೆನ್ನು ನಿಲ್ಲಿಸಿ ಸುತ್ತ ನೋಡಿದಳು. "ಆಂಟಿ, ನಿಮ್ಮ ಬಚ್ಚಲು ಎಷ್ಟು ನೀಟಾಗಿದೆ. ಟವೆಲ್ ಎಲ್ಲ ಎಲ್ಲಿ ಇಡ್ತೀರಾ?"

"ಅವಳು ಹೋಟೆಲ್ನಲ್ಲಿ ಇದ್ದೋಳು," ಎಂದ ಕ್ವೀ ಸೆಂಗ್ ಹೆಮ್ಮೆಯಿಂದ. "ಒಂದು ವಸ್ತು ಎಲ್ಲೆಂದರಲ್ಲಿ ಬಿದ್ದಿರೋ ಹಾಗಿಲ್ಲ."

ಗೆಕ್ ಚೂ ಫಾರಮಿನ ಕಡೆ ನೋಡಿದಳು. ಆ ಹುಡುಗಿ ಬರೆದ ಸಾಲು ಒದ್ದೆ ಶಾಯಿಯಲ್ಲಿ ಹೊಳೆಯುತ್ತಿತ್ತು. ಅದು ಒಣಗುವುದರೊಳಗೆ ಹೇಳಬೇಕು, ಒಣಗಿದರೆ ಮುಗಿಯಿತು ಎಂದು ಯಾಕೋ ಅನ್ನಿಸಿತು.

"ಕಂಬಿ ಮೇಲೆ ಟವೆಲ್ ಇತ್ತು," ಎಂದಳು. ದನಿ ಕೀರಲಾಗಿ ಹೊರಟಿತು. "ನಾಲ್ಕು ಟವೆಲ್. ನಾನೇ ಹಾಕಿದ್ದೆ. ಮಾ ಮರೀಲಿಲ್ಲ."

ಕ್ವೀ ಸೆಂಗ್ ಅವಳ ಕಡೆ ತಿರುಗಿದ. ಹುಡುಗಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅಯ್ಯೋ ಆಂಟಿ, ನಾನು ನೋಡೋ ಮನೇಲೆಲ್ಲ ಇದೇ ಕಥೆ. ಕಂಬಿ ಹಾಕಿಸ್ಕೋತಾರೆ, ಮಾರನೇ ದಿನ ಟವೆಲ್ ನೇತಾಕ್ತಾರೆ. ನಮ್ಮ ಅಮ್ಮಾನೂ ಹಾಕಿದ್ಳು, ಬೈದು ತೆಗೆಸ್ದೆ." ಅವಳು ಬರೆದ ಸಾಲಿನ ಮೇಲೆ ಪೆನ್ನು ಇಟ್ಟಳು, ಹೊಡೆದುಹಾಕುವವಳಂತೆ.

"ಇಲ್ಲಮ್ಮಾ, ತಾಳು," ಎಂದ ಕ್ವೀ ಸೆಂಗ್. "ಅವತ್ತು ಮೊದಲು ಬಂದೋನು ನಾನು. ಆಂಬುಲೆನ್ಸ್‌ಗಿಂತ ಮುಂಚೆ. ಬಚ್ಚಲು ನೋಡಿದ್ದೀನಿ. ಕಂಬಿ ಮೇಲೆ ಏನೂ ಇರ್ಲಿಲ್ಲ, ಖಾಲಿ." ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. "ಚೂ, ಅಮ್ಮನ್ನ ಮನೆಗೆ ಕರ್ಕೊಂಡ್ ಬರ್ಬೇಕು ಅಂತ ನೀನು ಹೀಗೆ ಹೇಳ್ತಿದ್ದೀಯ ಅಂತ ಗೊತ್ತು. ಆದ್ರೆ ಸುಳ್ಳು ಹೇಳಿ ಕರ್ಕೊಂಡ್ ಬಂದು, ಮತ್ತೆ ಬಿದ್ರೆ?"

ಅವನ ಮುಖದಲ್ಲಿ ಅನುಮಾನದ ಒಂದು ಗೆರೆಯಾದರೂ ಇದ್ದಿದ್ದರೆ ಅವಳು ಹೇಳಿಬಿಡುತ್ತಿದ್ದಳೇನೋ. ಅಲ್ಲಿದ್ದದ್ದು ಬರೀ ಪ್ರೀತಿ, ಅದೂ ಮೂವತ್ತು ವರ್ಷದ್ದು. ನೀನು ಬರುವ ಮುಂಚೆ ನಾನು ತೆಗೆದೆ, ನಿನ್ನ ತಾಯಿ ನೆಲದ ಮೇಲೆ ಬಿದ್ದಿದ್ದಾಗ, ಅವಳ ಮುಷ್ಟಿ ಬಿಡಿಸಿ, ಮೂರು ಮಡಿಕೆ ಮಡಿಚಿ. ಹೇಳಬೇಕಾದದ್ದು ಇಷ್ಟೇ. ಟವೆಲು ಹಾಕಿದ ತಪ್ಪನ್ನು ಹೇಳಬಹುದು, ಊರಿನಲ್ಲೆಲ್ಲ ಮಾಡುವ ತಪ್ಪು. ತೆಗೆದದ್ದನ್ನು ಹೇಗೆ ಹೇಳುವುದು? "ಆಮೇಲೆ ತೆಗೆದೆ," ಎಂದಷ್ಟೇ ಗೊಣಗಿದಳು. ಯಾವಾಗ ಎಂದು ಅವನು ಕೇಳಲಿಲ್ಲ, ತಲೆಯಾಡಿಸಿದ. ಹುಡುಗಿ ಇಬ್ಬರನ್ನೂ ನೋಡಿ, ಫಾರಮನ್ನು ಚೀಲಕ್ಕೆ ಹಾಕುತ್ತ, "ಪೋಪೋನೇ ಕೇಳಿ ಅಂಕಲ್. ಟವೆಲ್ ಇತ್ತು ಅಂದ್ರೆ ನಾನು ಬೇರೆ ಥರ ಬರೀತೀನಿ, ಆರಾಮಾಗಿ ಮನೆಗೆ ಬರ್ಬೋದು. ಸಂಜೆವರೆಗೂ ಇದನ್ನ ಕಳ್ಸಲ್ಲ," ಎಂದಳು.

ಆಸ್ಪತ್ರೆಯ ದಾರಿಯುದ್ದಕ್ಕೂ ಕ್ವೀ ಸೆಂಗ್ ರೇಡಿಯೋ ಹಾಕಲಿಲ್ಲ. ಗೆಕ್ ಚೂ ಪಕ್ಕದ ಸೀಟಿನಲ್ಲಿ ಗಂಜಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಬಿಸಿ ತೊಡೆಗೆ ತಾಗುತ್ತಿತ್ತು, ಸರಿಸಲಿಲ್ಲ. ಅತ್ತೆ ಹೇಳುತ್ತಾಳೆ, ಇತ್ತು ಎನ್ನುತ್ತಾಳೆ, ಯಾಕೆ ಎನ್ನಬಾರದು? ದಿನವೂ ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮನೆಗೆ ಯಾವಾಗ? ಮನೆಯ ಬಾಗಿಲು ತೆರೆಯಲು ಅವಳು ಹೂಂ ಎಂದರೆ ಸಾಕು. ಎಂದರೆ ಕ್ವೀ ಸೆಂಗ್ ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾನೆ: ಹಾಗಾದರೆ ನಾನು ಬಂದಾಗ ಎಲ್ಲಿಗೆ ಹೋಗಿದ್ದವು? ಕೇಳಲಿ. ಗೆಕ್ ಚೂಗೆ ಒಂದು ಥರದ ಧೈರ್ಯ ಬಂತು. ಕಣ್ಣೀರು ಹಾಕುತ್ತ ಎಲ್ಲವನ್ನೂ ಒಪ್ಪಿಕೊಳ್ಳುವ ತನ್ನನ್ನು ಕಲ್ಪಿಸಿಕೊಂಡಳು, ಆ ಚಿತ್ರ ಸ್ವಲ್ಪ ಹಿಡಿಸಿತು ಕೂಡ. ಹಿಡಿಸಿತೆಂಬುದು ಗೊತ್ತಾಗಿ ಅಸಹ್ಯವಾಯಿತು. ಕೆಂಪು ದೀಪದಲ್ಲಿ ಕಾರು ನಿಂತಾಗ ಅವಳು ಮನಸ್ಸಿನಲ್ಲಿ ಪ್ರಾರ್ಥನೆಯಂಥದ್ದೊಂದನ್ನು ಹೇಳಿಕೊಂಡಳು. ಏನನ್ನು ಬೇಡಿದೆನೆಂದು ದೀಪ ಹಸಿರಾದ ಮೇಲೆ ಯೋಚಿಸಿದರೆ ಅವಳಿಗೇ ತಿಳಿಯಲಿಲ್ಲ.

ಅತ್ತೆ ಕಿಟಕಿಯ ಪಕ್ಕದ ಗಾಲಿಕುರ್ಚಿಯಲ್ಲಿ ಕುಳಿತಿದ್ದಳು. ಕೂದಲು ಬಾಚಿ ಪಿನ್ನು ಹಾಕಿದ್ದರು. ಆರು ಹಾಸಿಗೆಯ ವಾರ್ಡು. ಎದುರು ಹಾಸಿಗೆಯವಳು ಟಿ.ವಿ. ನೋಡುತ್ತ ನಿದ್ದೆ ಹೋಗಿದ್ದಳು. ಕ್ವೀ ಸೆಂಗ್ ಸ್ಟೂಲು ಎಳೆದುಕೊಂಡು ತಾಯಿಯ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತ. ಗೆಕ್ ಚೂ ಹಿಂದೆ ನಿಂತಳು, ಡಬ್ಬಿ ಹಿಡಿದುಕೊಂಡೇ.

"ಅಮ್ಮಾ, ಒಂದು ವಿಷಯ ಕೇಳ್ತೀನಿ, ಸರಿಯಾಗಿ ಯೋಚ್ನೆ ಮಾಡಿ ಹೇಳು. ಅವತ್ತು ಬಿದ್ಯಲ್ಲ, ಕಂಬಿ ಮೇಲೆ ಟವೆಲ್ ಇತ್ತಾ? ಚೂ ಇತ್ತು ಅಂತಾಳೆ. ನಾಲ್ಕು ಟವೆಲ್ ಇತ್ತು, ಅದಕ್ಕೇ ನಿಂಗೆ ಹಿಡ್ಕೊಳ್ಳೋಕೆ ಆಗ್ಲಿಲ್ಲ ಅಂತಾಳೆ."

ಅತ್ತೆ ಮಗನನ್ನು ನೋಡಲಿಲ್ಲ. ತಲೆಯೆತ್ತಿ, ಅವನ ಹೆಗಲ ಮೇಲಿಂದ, ಸೊಸೆಯನ್ನು ನೋಡಿದಳು. ನೋಡಿದಳೆಂದರೆ ಸುಮ್ಮನೆ ಹಾಗೇ ನೋಡುತ್ತ ಉಳಿದಳು, ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವಂತೆ.

"ಯಾವ ಟವೆಲ್ಲು?" ಎಂದಳು. "ಏನೂ ಇರ್ಲಿಲ್ಲ."

ಕ್ವೀ ಸೆಂಗ್ ಉಸಿರು ಬಿಟ್ಟ. ಗೆಕ್ ಚೂ ಕೂಡ ಅದೇ ಕ್ಷಣಕ್ಕೆ ಉಸಿರು ಬಿಟ್ಟಳು. ಭುಜ ಇಳಿಯಿತು, ಡಬ್ಬಿ ಹಿಡಿದ ಬೆರಳು ಸಡಿಲವಾಯಿತು. ಈಗ ಅವಳು ಬಾಯಿ ತೆರೆಯಬೇಕಿತ್ತು. ಇಲ್ಲ ಮಾ, ಇತ್ತು, ನಿಮ್ಮ ಕೈಯಲ್ಲೇ ಇತ್ತು ಎನ್ನಬೇಕಿತ್ತು. ಹತ್ತು ಎಣಿಸುವಷ್ಟು ಹೊತ್ತು ಅತ್ತೆಯ ಕಣ್ಣು ಅವಳ ಮೇಲೆಯೇ ಇತ್ತು. ಆಮೇಲೆ ಕ್ವೀ ಸೆಂಗ್ ಎದ್ದು ಹೆಂಡತಿಯ ತೋಳು ತಟ್ಟಿ, "ನೋಡ್ದಾ? ನಾನು ಹೇಳ್ಲಿಲ್ವಾ?" ಎಂದು, ಮೂವರಿಗೂ ಕಾಫಿ ತರಲು ಕೆಳಗೆ ಹೋದ.

"ಕೂತ್ಕೋ," ಎಂದಳು ಅತ್ತೆ. ಗೆಕ್ ಚೂ ಗಂಡ ಬಿಟ್ಟುಹೋದ ಸ್ಟೂಲಿನ ಮೇಲೆ ಕುಳಿತಳು.

"ಮಾ, ಯಾಕೆ ಹಾಗಂದ್ರಿ?"

"ಯಾಕೆ ಅಂದ್ರೆ? ನಿಂಗೆ ಬಾಯಿಲ್ವಾ?" ಅತ್ತೆಯ ದನಿ ಏರಲಿಲ್ಲ. "ಹಳದೀದು ನನ್ನ ಕೈಯಲ್ಲಿತ್ತು. ನೀನು ಬೆರಳು ಬಿಡಿಸ್ದೆ. ಈ ಬೆರಳು ಕೊನೇದು." ಕಿರುಬೆರಳನ್ನು ಎತ್ತಿ ತೋರಿಸಿದಳು. "ಮಡಿಚ್ತಾ ಇದ್ದೆ ನೀನು. ನಂಗೆ ಚಳಿ. ಇನ್ನೆಷ್ಟು ಮಡಿಚ್ತಾಳೋ ಅಂತ ನೋಡ್ತಾ ಬಿದ್ದಿದ್ದೆ."

ಗೆಕ್ ಚೂ ನೆಲ ನೋಡಿದಳು. ಕಣ್ಣು ಮುಚ್ಚಿರಲಿಲ್ಲ. ಒಂದು ಕ್ಷಣಕ್ಕೂ ಮುಚ್ಚಿರಲಿಲ್ಲ.

"ಮಾ, ನನ್ನ ತಪ್ಪಾಯ್ತು."

"ಹೂಂ. ಮರ್ತೆ ಅಂದೆ ಡಾಕ್ಟರ್ ಹತ್ರ. ನಿಂದು ಮಾನ ಉಳೀಲಿ, ಮನೇಲಿ ಜಗಳ ಬೇಡ, ನನಗೂ ಅಲ್ಲೇ ಇರ್ಬೇಕಲ್ಲ ಅಂತ. ನೀನೇ ಒಂದಿನ ಹೇಳ್ತೀಯ ಅಂದ್ಕೊಂಡೆ. ದಿನಾ ಗಂಜಿ ತಂದೆ, ಹೇಳ್ಲಿಲ್ಲ. ನಾನು ಮೊಟ್ಟೆ ಥರ ಗಡಿಯಾರ ಬರ್ದೆ, ನೀನು ಪಕ್ಕದಲ್ಲೇ ನಿಂತು ನೋಡ್ದೆ."

"ಇವತ್ತು ಹೇಳ್ದೆ ಮಾ. ಆ ಹುಡುಗಿ ಮುಂದೆ ಹೇಳ್ದೆ."

"ಅದಕ್ಕೇ ಇಲ್ಲ ಅಂದು ನೋಡ್ದೆ. ನಿಜವಾಗ್ಲೂ ಹೇಳೋಕೆ ಬಂದಿದ್ಯೋ, ಹೇಳಿ ತಪ್ಪಿಸ್ಕೊಳ್ಳೋಕೆ ಬಂದಿದ್ಯೋ ಅಂತ." ಅತ್ತೆ ಹಾಸಿಗೆಯ ಅಂಚಿನ ಬಟ್ಟೆಯನ್ನು ಬೆರಳಲ್ಲಿ ಸವರಿ ಸಮ ಮಾಡಿದಳು. "ನಿನ್ನ ಮುಖ ನೋಡ್ದೆ, ಚೂ. ಹೊತ್ತ ಚೀಲ ಇಳಿಸ್ದೋಳ ಥರ ಇತ್ತು. ಆ ಮುಖ ದಿನಾ ನೋಡ್ಕೊಂಡು ಆ ಬಚ್ಚಲಲ್ಲಿ ಸ್ನಾನ ಮಾಡೋಕೆ ನನ್ನ ಕೈಲಾಗಲ್ಲ. ಸೋಕ್ ಎಂಗ್ ಹೇಳಿದ ಜಾಗಕ್ಕೇ ಹೋಗ್ತೀನಿ."

"ಬೇಡ ಮಾ, ಮನೆಗೆ ಬನ್ನಿ. ಒಂದು ಟವೆಲೂ ಇಡಲ್ಲ, ಎಲ್ಲ ಎಸೆದುಬಿಡ್ತೀನಿ."

"ಟವೆಲ್ ಏನು ಮಾಡುತ್ತೆ ಪಾಪ," ಎಂದಳು ಅತ್ತೆ.

ಕ್ವೀ ಸೆಂಗ್ ಮೂರು ಕಾಗದದ ಲೋಟಗಳನ್ನು ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡು, ತುಳುಕದಂತೆ ಹೆಜ್ಜೆ ಹಾಕುತ್ತ ಬಂದ. ಅವನು ಲೋಟ ಇಡುವುದರೊಳಗೆ ಅವನ ತಾಯಿ ಹೇಳಿಯೂ ಬಿಟ್ಟಳು: ಅಕ್ಕನಿಗೆ ಫೋನು ಮಾಡು, ಆ ಜಾಗ ನೋಡಿಕೊಂಡು ಬರೋಣ. ಅವನು ದಂಗಾಗಿ ನಿಂತ. ನಿನ್ನೆಯವರೆಗೂ ಮನೆ ಮನೆ ಅಂತಿದ್ದೆಯಲ್ಲ ಎಂದ. ಅಲ್ಲಿ ನಿನಗೆ ಯಾರಿದ್ದಾರೆ ಎಂದ. ಅವನ ಕಣ್ಣು ತುಂಬಿತು, ಐವತ್ತೆಂಟರ ಗಂಡಸು, ಕಾಫಿಯ ಲೋಟ ಹಿಡಿದುಕೊಂಡು. ಗೆಕ್ ಚೂ ಎದ್ದು ನಿಂತಳು.

"ಟವೆಲ್ ಇತ್ತು," ಎಂದಳು, ವಾರ್ಡಿಗೆಲ್ಲ ಕೇಳುವಂತೆ. ಎದುರು ಹಾಸಿಗೆಯವಳು ಎಚ್ಚರವಾದಳು. "ಸೆಂಗ್, ಕೇಳು. ನಾಲ್ಕಿತ್ತು. ನೀನು ಬರೋ ಮುಂಚೆ ನಾನು ತೆಗೆದೆ. ಮಾ ಕೆಳಗೆ ಬಿದ್ದಿದ್ರು, ನಾನು ಮೊದಲು ಟವೆಲ್ ತೆಗೆದೆ. ಕೈಯಿಂದ ಕಿತ್ಕೊಂಡೆ. ಮಡಿಚಿಟ್ಟೆ."

ಕ್ವೀ ಸೆಂಗ್ ತಾಯಿಯ ಕಡೆ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅವನು ಲೋಟಗಳನ್ನು ಕೆಳಗಿಟ್ಟು, ಬಂದು, ಹೆಂಡತಿಯ ತಲೆಯನ್ನು ತನ್ನ ಇಸ್ತ್ರಿ ಮಾಡಿದ ಅಂಗಿಗೆ ಒರಗಿಸಿಕೊಂಡ. "ಸಾಕು, ಸಾಕು ಬಿಡು," ಎಂದ ಮೆಲ್ಲಗೆ, ಮಗುವಿಗೆ ಹೇಳುವಂತೆ. "ಅಮ್ಮನೇ ಇರ್ಲಿಲ್ಲ ಅಂತಿದ್ದಾಳೆ. ಅವಳು ಹೋಗ್ತಾಳೆ ಅಂತ ನಿಂಗೆ ಹೀಗೆಲ್ಲ ಅನ್ಸುತ್ತೆ. ಎಷ್ಟು ಒಳ್ಳೇವಳು ನೀನು, ಎಲ್ಲಾನೂ ನಿನ್ನ ತಲೆ ಮೇಲೇ ಹಾಕ್ಕೋತೀಯ."

ಗೆಕ್ ಚೂ ಅವನ ಅಂಗಿಯ ಗುಂಡಿಗೆ ಕೆನ್ನೆಯೊತ್ತಿಕೊಂಡು ಅತ್ತಳು. ಅವನು ಅವಳ ಬೆನ್ನು ಸವರುತ್ತಲೇ ಇದ್ದ. ಅತ್ತೆ ಕೈಚಾಚಿ ತನ್ನ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, ಸಕ್ಕರೆ ಸಾಲದು ಎಂದಳು.